ಸಣ್ಣ ಊರಿನ ಎಫ್‌ಎಂ ಸ್ಟೇಷನ್: ದಿನವಿಡೀ ಕೇಳುವವರಿಗಾಗಿ ಒಂದು ಗಂಟೆ ಕಟ್ಟುವುದು

ಸ್ವಂತ ಪರವಾನಗಿ ಪಡೆದ ದೇಶದ ಮೊದಲ ಖಾಸಗಿ ಎಫ್‌ಎಂ ಶುರುವಾದದ್ದು ನಮ್ಮ ಬೆಂಗಳೂರಿನಲ್ಲೇ, 2001ರ ಜುಲೈ 3ರಂದು, ರೇಡಿಯೊ ಸಿಟಿ ಹೆಸರಿನಲ್ಲಿ. ಮುಂದಿನ ಹಂತದಲ್ಲಿ ಮೈಸೂರು, ಮಂಗಳೂರು, ಕಲಬುರಗಿಗೂ ಖಾಸಗಿ ಸ್ಟೇಷನ್‌ಗಳು ಬಂದವು. ಉಳಿದ ಬಹುತೇಕ ಜಿಲ್ಲಾ ಕೇಂದ್ರಗಳು ಕಾಯುತ್ತಲೇ ಇದ್ದವು. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ 234 ಹೊಸ ಊರುಗಳಲ್ಲಿ 730 ಚಾನೆಲ್‌ಗಳನ್ನು ಹರಾಜು ಹಾಕಲು ಒಪ್ಪಿತು. ದಾವಣಗೆರೆ, ಶಿವಮೊಗ್ಗ, ತುಮಕೂರು, ಹಾಸನ, ಚಿತ್ರದುರ್ಗ, ರಾಯಚೂರು, ಉಡುಪಿ ಎಲ್ಲ ಆ ಪಟ್ಟಿಯಲ್ಲಿವೆ.

ಇಂಥ ಊರಿನಲ್ಲಿ ಸ್ಟೇಷನ್ ಹಾಕಬೇಕು ಅಂದ ತಕ್ಷಣ ಮಾತು ಟವರ್ ಮೇಲೆ, ಆರ್‌ಜೆ ದನಿಯ ಮೇಲೆ ಹೋಗುತ್ತದೆ. ಅದಕ್ಕಿಂತ ಮೊದಲು ಯೋಚಿಸಬೇಕಾದದ್ದು ಕೇಳುಗರ ಬಗ್ಗೆ. ಬೆಂಗಳೂರಿನಲ್ಲಿ ಎಫ್‌ಎಂ ಕೇಳುವವರು ಹೆಚ್ಚಾಗಿ ಕಾರಿನಲ್ಲಿರುತ್ತಾರೆ, ಸಿಗ್ನಲ್ ದಾಟಿ ಆಫೀಸು ಮುಟ್ಟಿದ ಮೇಲೆ ಆಫ್ ಮಾಡುತ್ತಾರೆ. ಸಣ್ಣ ಊರಿನಲ್ಲಿ ರೇಡಿಯೊ ಇರುವುದು ಟೈಲರ್ ಅಂಗಡಿಯಲ್ಲಿ, ಗ್ಯಾರೇಜಿನಲ್ಲಿ, ಹೋಟೆಲ್ ಅಡುಗೆಮನೆಯಲ್ಲಿ, ಬ್ಯೂಟಿ ಪಾರ್ಲರಿನಲ್ಲಿ. ಬೆಳಿಗ್ಗೆ ಶಟರ್ ಎತ್ತಿದಾಗ ಹಾಕಿದರೆ ರಾತ್ರಿ ಇಳಿಸುವವರೆಗೂ ಅದು ಓಡುತ್ತಿರುತ್ತದೆ. ಒಬ್ಬನೇ ಕೇಳುಗ, ಒಂದೇ ಸ್ಟೇಷನ್, ಒಂಬತ್ತು ಹತ್ತು ಗಂಟೆ. ಹಾಡಿನ ಪಟ್ಟಿ, ಜಾಹೀರಾತು, ಪ್ರಸಾರಕ್ಕೆ ಮುನ್ನ ದನಿಯನ್ನು ಹದ ಮಾಡುವ ಸೌಂಡ್ ಪ್ರೊಸೆಸರಿನ ಸೆಟ್ಟಿಂಗ್ ಎಲ್ಲವನ್ನೂ ಇವರನ್ನು ಮುಂದಿಟ್ಟುಕೊಂಡೇ ನಿರ್ಧರಿಸಬೇಕು. ದೊಡ್ಡ ನಗರದ ಲೆಕ್ಕವನ್ನು ಹಾಗೇ ತಂದು ಹಾಕಿದರೆ ಮೊದಲ ವಾರ ಚೆನ್ನಾಗಿರುತ್ತದೆ, ಮೂರನೇ ವಾರಕ್ಕೆ ಟೈಲರ್ ಪೆನ್‌ಡ್ರೈವ್ ಹಾಕಿಕೊಳ್ಳುತ್ತಾನೆ.

ಒಂದು ಗಂಟೆಯನ್ನು ಕಾಗದದ ಮೇಲೆ ಬರೆಯೋಣ. ಜಾಹೀರಾತಿಗೆ 10 ನಿಮಿಷ. ಆರ್‌ಜೆ ಲಿಂಕ್, ಅಂದರೆ ಹಾಡುಗಳ ನಡುವಿನ ಮಾತು, ನಾಲ್ಕು; ಒಂದೊಂದು ಒಂದೂವರೆ ನಿಮಿಷದಂತೆ 6 ನಿಮಿಷ. ಸ್ಟೇಷನ್ ಹೆಸರಿನ ಜಿಂಗಲ್, ಎರಡು ಹಾಡನ್ನು ಜೋಡಿಸುವ ಸ್ವೀಪರ್ ಎಂಬ ಪುಟ್ಟ ತುಣುಕು, ಸಮಯ ಹೇಳುವ ಟೈಮ್ ಚೆಕ್ ಸೇರಿ 2 ನಿಮಿಷ. ಉಳಿದದ್ದು 42 ನಿಮಿಷ. ಕನ್ನಡ ಸಿನಿಮಾ ಹಾಡಿಗೆ ಸರಾಸರಿ ನಾಲ್ಕೂವರೆ ನಿಮಿಷ ಹಿಡಿದರೆ ಒಂಬತ್ತು ಹಾಡು, 40 ನಿಮಿಷ 30 ಸೆಕೆಂಡ್. ಮಿಕ್ಕ ಒಂದೂವರೆ ನಿಮಿಷವನ್ನು ತುಂಬಲು ಹೋಗಬೇಡಿ. ಪ್ರಾಯೋಜಕರ ಹೆಸರು ಹೇಳುವುದಕ್ಕೆ, ಆರ್‌ಜೆ ಮಾತು ಸ್ವಲ್ಪ ಉದ್ದವಾಗುವುದಕ್ಕೆ ಅದು ಬೇಕೇ ಬೇಕು. ಈ ಸಡಿಲ ಇಲ್ಲದ ಗಂಟೆಯಲ್ಲಿ ಕೊನೆಯ ಹಾಡು ಅರ್ಧಕ್ಕೆ ಕತ್ತರಿಸುತ್ತದೆ. ಹಾಡಿನ ಚರಣ ಮಧ್ಯದಲ್ಲಿ ಕತ್ತರಿಸಿದರೆ ಕೇಳುಗರಿಗೆ ಬರುವ ಸಿಟ್ಟು ಎರಡು ನಿಮಿಷ ಹೆಚ್ಚು ಜಾಹೀರಾತು ಹಾಕಿದಾಗಲೂ ಬರುವುದಿಲ್ಲ.

ಒಂಬತ್ತರಲ್ಲಿ ನಾಲ್ಕು ಈಗಿನ ಹಿಟ್, ಮೂರು 2000ದ ನಂತರದವು, ಎರಡು 70ರಿಂದ 90ರ ದಶಕದವು ಎಂದಿಟ್ಟುಕೊಳ್ಳಿ. ಈಗ ಹಿಟ್ ಪಟ್ಟಿಯಲ್ಲಿ ಎಷ್ಟು ಹಾಡು ಇರಬೇಕು? ಇಲ್ಲಿ ಒಂದು ಗಣಿತ ಇದೆ, ಇದನ್ನು ತಪ್ಪಿದ ಸ್ಟೇಷನ್‌ಗಳು ಬೇಕಾದಷ್ಟಿವೆ. ಪಟ್ಟಿಯಲ್ಲಿ 16 ಹಾಡು, ಗಂಟೆಗೆ ನಾಲ್ಕು ಅಂದರೆ ಒಂದು ಸುತ್ತಿಗೆ ಸರಿಯಾಗಿ ನಾಲ್ಕು ಗಂಟೆ. 24 ಅನ್ನು ನಾಲ್ಕು ಶೇಷವಿಲ್ಲದೆ ಭಾಗಿಸುತ್ತದೆ. ಹಾಗಾಗಿ ಇವತ್ತು ಬೆಳಿಗ್ಗೆ ಎಂಟಕ್ಕೆ ಬಂದ ಹಾಡು ನಾಳೆಯೂ ಎಂಟಕ್ಕೇ ಬರುತ್ತದೆ, ನಾಡಿದ್ದೂ ಬರುತ್ತದೆ. ಎಂಟು ಗಂಟೆಯ ಬಸ್ಸಿನಲ್ಲಿ ಹೋಗುವವರಿಗೆ ವಾರವಿಡೀ ಅದೇ ನಾಲ್ಕು ಹಾಡು. ರಾತ್ರಿ ಹೊತ್ತು ಬೇರೆ ಪಟ್ಟಿ ಓಡಿಸಿ ಹಗಲಿನ 16 ಗಂಟೆ ಮಾತ್ರ ಲೆಕ್ಕಕ್ಕೆ ಹಿಡಿದರೂ ಇದೇ ಗತಿ, 16 ಕೂಡ ನಾಲ್ಕರಿಂದ ಭಾಗವಾಗುತ್ತದೆ.

ಹಾಡನ್ನು 15ಕ್ಕೆ ಇಳಿಸಿದರೆ ಸುತ್ತು ಮೂರು ಮುಕ್ಕಾಲು ಗಂಟೆಯಾಗುತ್ತದೆ. ಇವತ್ತಿನ ಎಂಟು ಗಂಟೆಯ ಹಾಡು ನಾಳೆ ಆರೂವರೆಗೂ ಹತ್ತೂಕಾಲಿಗೂ ಬರುತ್ತದೆ. ನಗರಕ್ಕೆ ಇದು ಸಾಕು. ಆದರೆ ಹತ್ತು ಗಂಟೆ ಕೇಳುವ ಟೈಲರಿಗೆ ಒಂದೊಂದು ಹಾಡೂ ಎರಡು ಮೂರು ಸಲ ಕಿವಿಗೆ ಬೀಳುತ್ತದೆ, ದಿನಾ. ಸಣ್ಣ ಊರಿಗೆ ನಾನು ಹೇಳುವ ಸಂಖ್ಯೆ 23. ಸುತ್ತು ಐದೂಮುಕ್ಕಾಲು ಗಂಟೆ, ಹತ್ತು ಗಂಟೆಯ ದಿನದಲ್ಲಿ ಹೆಚ್ಚೆಂದರೆ ಎರಡು ಸಲ, ಮತ್ತು ಪ್ರತಿ ಹಾಡೂ ದಿನಕ್ಕೆ ಒಂದು ಗಂಟೆ ಹಿಂದಕ್ಕೆ ಸರಿಯುತ್ತದೆ. ಇನ್ನೊಂದು ಹಾಡು ಸೇರಿಸಿ 24 ಮಾಡಿದಿರೋ, ಸುತ್ತು ಆರು ಗಂಟೆಯಾಗಿ ಮತ್ತೆ ಹಳೆಯ ರೋಗ.

ಹಾಡುಗಳ ಸರದಿ ಹಾಕುವ ಶೆಡ್ಯೂಲಿಂಗ್ ಸಾಫ್ಟ್‌ವೇರಿನಲ್ಲಿ ಗಾಯಕರ ಅಂತರ ಎಂಬ ನಿಯಮ ಇರುತ್ತದೆ: ಒಬ್ಬ ಗಾಯಕರ ಎರಡು ಹಾಡುಗಳ ನಡುವೆ ಇಷ್ಟು ನಿಮಿಷ ಇರಲೇಬೇಕು ಎಂದು. ಹೊರಗಿನಿಂದ ಬಂದ ಸೆಟ್ಟಿಂಗ್‌ನಲ್ಲಿ ಇದು 45 ಅಥವಾ 60 ನಿಮಿಷ ಇರುತ್ತದೆ. ಕನ್ನಡಕ್ಕೆ ಅದು ಹೊಂದುವುದಿಲ್ಲ. ಎಂಬತ್ತು ತೊಂಬತ್ತರ ದಶಕದ ಪಟ್ಟಿ ತೆಗೆದರೆ ಎಸ್. ಪಿ. ಬಾಲಸುಬ್ರಹ್ಮಣ್ಯಂ, ಎಸ್. ಜಾನಕಿ ಇಲ್ಲದ ಹಾಡು ಹುಡುಕಬೇಕು. ಒಂದು ಗಂಟೆಯ ಅಂತರ ಹಾಕಿದರೆ ಸಾಫ್ಟ್‌ವೇರ್ ಜಾಗಗಳನ್ನು ಖಾಲಿ ಬಿಡುತ್ತದೆ, ಇಲ್ಲವೇ ಅದೇ ಹತ್ತು ಹಾಡುಗಳನ್ನು ತಿರುಗಿಸುತ್ತದೆ. ಗಾಯಕರ ಅಂತರವನ್ನು 20 ನಿಮಿಷಕ್ಕೆ ಇಳಿಸಿ, ಅದರ ಬದಲು ನಾಯಕನಟನ ಹೆಸರಿಗೆ ಒಂದು ಕಾಲಂ ತೆರೆದು ಅಲ್ಲಿ 50 ನಿಮಿಷ ಹಾಕಿ. ನಮ್ಮಲ್ಲಿ ಹಾಡನ್ನು ಗುರುತಿಸುವುದು ರಾಜ್‌ಕುಮಾರ್ ಹಾಡು, ವಿಷ್ಣು ಹಾಡು, ಶಂಕರ್‌ನಾಗ್ ಹಾಡು ಎಂದೇ. ಇಬ್ಬರು ವಿಷ್ಣು ಒಟ್ಟಿಗೆ ಬಂದರೆ ‘ಏನೋ ವಿಶೇಷ ಇದೆ’ ಅಂದುಕೊಳ್ಳುತ್ತಾರೆ. ನಿಜವಾಗಿ ವಿಶೇಷ ಇರುವ ದಿನಗಳಿಗೆ, ಅಂದರೆ ಮಾರ್ಚ್ 17ರ ಪುನೀತ್, ಏಪ್ರಿಲ್ 24ರ ರಾಜ್‌ಕುಮಾರ್, ಸೆಪ್ಟೆಂಬರ್ 18ರ ವಿಷ್ಣುವರ್ಧನ್ ಹುಟ್ಟುಹಬ್ಬಗಳಿಗೆ, ಈ ನಿಯಮ ಸಡಿಲಿಸಿದ ಪ್ರತ್ಯೇಕ ಕ್ಲಾಕ್, ಅಂದರೆ ಗಂಟೆಯ ನಕ್ಷೆ, ಮೊದಲೇ ಮಾಡಿಟ್ಟಿರಬೇಕು.

ನಿಯಮ ಎಷ್ಟೇ ಚೆನ್ನಾಗಿದ್ದರೂ ಹೆಸರು ಟೈಪ್ ಮಾಡಿದ್ದು ಸರಿ ಇಲ್ಲದಿದ್ದರೆ ಕೆಲಸ ಮಾಡುವುದಿಲ್ಲ. ಒಂದು ಕಡೆ ‘ಎಸ್‌ಪಿಬಿ’, ಇನ್ನೊಂದು ಕಡೆ ‘ಎಸ್ ಪಿ ಬಾಲು’, ಮತ್ತೊಂದು ಕಡೆ ಪೂರ್ತಿ ಹೆಸರು ಇದ್ದರೆ ಸಾಫ್ಟ್‌ವೇರಿಗೆ ಅವರು ಮೂವರು ಬೇರೆ ಬೇರೆ ಗಾಯಕರು. ಲೈಬ್ರರಿಗೆ ಹಾಡು ಹಾಕುವ ಕೆಲಸ ಒಬ್ಬರ ಕೈಯಲ್ಲೇ ಇರಲಿ. ಅವರ ಮೇಜಿನ ಮೇಲೆ ಹೆಸರುಗಳ ಒಂದು ಪಟ್ಟಿ ಇರಲಿ, ಅದರಲ್ಲಿ ಇದ್ದಂತೆಯೇ ಅಕ್ಷರ.

ಈ ಶಿಸ್ತು ದುಡ್ಡಿನ ಪ್ರಶ್ನೆಯೂ ಹೌದು. 2012ರ ತಿದ್ದುಪಡಿಯಲ್ಲಿ ಬಂದ ಹಕ್ಕುಸ್ವಾಮ್ಯ ಕಾಯ್ದೆಯ 31ಡಿ ಕಲಮಿನ ಪ್ರಕಾರ, ಮೊದಲೇ ನೋಟಿಸ್ ಕೊಟ್ಟು, ನಿಗದಿಯಾದ ರಾಯಧನ ಕಟ್ಟಿ ಹಾಡು ಪ್ರಸಾರ ಮಾಡಬಹುದು. ಧ್ವನಿಮುದ್ರಣದ ಹಕ್ಕು ಆಡಿಯೊ ಕಂಪನಿಯದು. ಸಾಹಿತ್ಯ ಮತ್ತು ಸಂಗೀತದ ಪಾಲು ಬೇರೆ, ಅದು ರಾಯಧನ ಸಂಗ್ರಹಿಸಿ ಹಂಚುವ ಸಂಸ್ಥೆಯಾದ ಐಪಿಆರ್‌ಎಸ್ ಮೂಲಕ ಬರೆದವರಿಗೆ, ರಾಗ ಹಾಕಿದವರಿಗೆ ಹೋಗುತ್ತದೆ. ಎಫ್‌ಎಂಗಳು ಈ ಎರಡನೆಯದನ್ನೂ ಕಟ್ಟಲೇಬೇಕೆಂದು ಬಾಂಬೆ ಹೈಕೋರ್ಟ್ 2023ರ ಏಪ್ರಿಲ್‌ನಲ್ಲಿ ಹೇಳಿತು. ಹಾಡು ನಿಜವಾಗಿ ಎಷ್ಟು ಸಮಯ ಪ್ರಸಾರವಾಯಿತು ಎಂಬ ನೀಡಲ್ ಅವರ್ ಲೆಕ್ಕಕ್ಕೆ ಯಾವ ಹಾಡು ಯಾವಾಗ ಹೋಯಿತೆಂಬ ದಾಖಲೆ, ಅಂದರೆ ಪ್ಲೇಔಟ್ ಲಾಗೇ ಆಧಾರ. ಹಾಡಿನ ಹೆಸರು, ಚಿತ್ರ, ಲೇಬಲ್, ಗೀತರಚನೆಕಾರ, ಸಂಗೀತ ನಿರ್ದೇಶಕ, ಸೆಕೆಂಡ್ ಎಲ್ಲ ಲೈಬ್ರರಿಗೆ ಹಾಕುವ ದಿನವೇ ತುಂಬಿರಬೇಕು. ಆಮೇಲೆ ತುಂಬುತ್ತೇವೆ ಅಂದವರು ವರ್ಷದ ಕೊನೆಗೆ ಸಾವಿರಾರು ಸಾಲುಗಳ ಮುಂದೆ ಕೂರುತ್ತಾರೆ. ಗೀತರಚನೆಕಾರರ ಕಾಲಂ ಖಾಲಿ ಬಿಟ್ಟರೆ ಒಬ್ಬ ಕವಿಯ ಪಾಲಿಗೆ ಬರಬೇಕಾದ ದುಡ್ಡು ನಿಲ್ಲುತ್ತದೆ.

ಯೂಟ್ಯೂಬಿನಿಂದ ಇಳಿಸಿದ ಫೈಲನ್ನು ಲೈಬ್ರರಿಗೆ ಹಾಕಬಾರದು. ಅದರ ಸೌಂಡ್ ಮೊದಲೇ ಒಂದು ಸಲ ಹಿಂಡಿಹೋಗಿರುತ್ತದೆ. ಅದು ಸ್ಟೇಷನ್ ಪ್ರೊಸೆಸರಿನಲ್ಲಿ ಇನ್ನೊಮ್ಮೆ ಹಿಂಡಿದಾಗ ತಾಳದ ಶಬ್ದ ನೀರಿನೊಳಗಿಂದ ಬಂದಂತೆ ಕೇಳುತ್ತದೆ. ಹಳೆಯ ಕ್ಯಾಸೆಟ್ಟಿನಿಂದ ಏರಿಸಿದ ಹಾಡುಗಳಲ್ಲಿ ಇನ್ನೊಂದು ತೊಂದರೆ: ಎಡ ಬಲ ಚಾನೆಲ್‌ಗಳ ಫೇಸ್ ಕೆಲವೊಮ್ಮೆ ಉಲ್ಟಾ ಆಗಿರುತ್ತದೆ, ಅಂದರೆ ಒಂದರ ಅಲೆ ಏರುವಾಗ ಇನ್ನೊಂದರದು ಇಳಿಯುತ್ತದೆ. ಸ್ಟುಡಿಯೊದ ಹೆಡ್‌ಫೋನಿನಲ್ಲಿ ಗೊತ್ತೇ ಆಗುವುದಿಲ್ಲ. ಒಂದೇ ಸ್ಪೀಕರಿನ ಅಂಗಡಿ ರೇಡಿಯೊದಲ್ಲಿ ಎರಡೂ ಚಾನೆಲ್ ಸೇರಿದಾಗ ಗಾಯಕರ ದನಿಯೇ ಮಾಯ, ಹಿಂದಿನ ವಾದ್ಯ ಮಾತ್ರ ಉಳಿಯುತ್ತದೆ. ಪ್ರತಿ ಹೊಸ ಫೈಲನ್ನೂ ಒಮ್ಮೆ ಮೋನೊ ಬಟನ್ ಒತ್ತಿ ಕೇಳಿ. ಹತ್ತು ಸೆಕೆಂಡಿನ ಕೆಲಸ.

ಪ್ರೊಸೆಸರಿನಲ್ಲಿ ಮೊದಲು ನೋಡಬೇಕಾದದ್ದು ಪ್ರಿ-ಎಂಫಸಿಸ್, ಅಂದರೆ ಪ್ರಸಾರಕ್ಕೆ ಮುನ್ನ ಮೇಲಿನ ಸ್ವರಗಳನ್ನು ಎಷ್ಟು ಎತ್ತಬೇಕೆಂಬ ಅಳತೆ. ಭಾರತದಲ್ಲಿ ಅದು 50 ಮೈಕ್ರೊಸೆಕೆಂಡ್, ಅಮೆರಿಕದಲ್ಲಿ 75. ಪೆಟ್ಟಿಗೆಯಿಂದ ತೆಗೆದ ಯಂತ್ರ 75ರಲ್ಲೇ ಇದ್ದರೆ ಮೇಲಿನ ಸ್ವರಗಳು ಹರಿತವಾಗುತ್ತವೆ, ‘ಸ’, ‘ಶ’, ‘ಚ’ ಅಕ್ಷರಗಳು ಕಿವಿ ಕೊರೆಯುತ್ತವೆ. ಬೇರೆ ಸ್ಟೇಷನ್ನಿಗಿಂತ ಜೋರಾಗಿ ಕೇಳಬೇಕೆಂದು ಕಂಪ್ರೆಶನ್ (ಮೆಲ್ಲನೆಯ, ಜೋರಿನ ದನಿಗಳ ವ್ಯತ್ಯಾಸ ಕುಗ್ಗಿಸುವುದು) ಏರಿಸುವ ಚಟವನ್ನೂ ಬಿಡಬೇಕು. ಹತ್ತು ನಿಮಿಷ ಕೇಳಿದರೆ ಖುಷಿ ಕೊಡುವ ಸೌಂಡ್ ಮೂರನೇ ಗಂಟೆಗೆ ತಲೆನೋವು ತರುತ್ತದೆ. ಕೇಳುಗರಿಗೆ ಕಾರಣ ಗೊತ್ತಾಗುವುದಿಲ್ಲ, ಮಧ್ಯಾಹ್ನದ ಹೊತ್ತಿಗೆ ವಾಲ್ಯೂಮ್ ಇಳಿಸುತ್ತಾರೆ, ಅಷ್ಟೆ. ಡೀವಿಯೇಶನ್ (ತರಂಗದ ಕಂಪನಾಂಕ ಆಚೀಚೆ ಸರಿಯುವ ಪ್ರಮಾಣ) 75 ಕಿಲೋಹರ್ಟ್ಸ್ ಮೀರದಂತೆ, ಸ್ಟೀರಿಯೊ ಇದೆ ಎಂದು ರೇಡಿಯೊಗೆ ತಿಳಿಸುವ 19 ಕಿಲೋಹರ್ಟ್ಸ್‌ನ ಪೈಲಟ್ ಅದರ ಶೇ 9ರ ಆಸುಪಾಸಿನಲ್ಲಿ ಇರುವಂತೆ ಇಟ್ಟು, ಕಂಪ್ರೆಶನ್ನನ್ನು ಅರ್ಧಕ್ಕೆ ನಿಲ್ಲಿಸುವುದು ಒಳ್ಳೆಯದು.

ಜಾಹೀರಾತಿಗೆ ಬರೋಣ. ಹತ್ತು ನಿಮಿಷವನ್ನು ಮೂರು ಬ್ರೇಕಿಗೆ ಹಂಚಿದರೆ ಒಂದೊಂದಕ್ಕೆ 200 ಸೆಕೆಂಡ್. ಒಂದೇ ಬ್ರೇಕಿನಲ್ಲಿ ಇಬ್ಬರು ಚಿನ್ನದಂಗಡಿಯವರು ಬರಬಾರದು, ಇದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಆಗುವ ತಪ್ಪು ಬೇರೆ: ಬ್ರೇಕಿನ ಎಂಟು ಸ್ಪಾಟ್‌ಗಳಲ್ಲಿ ಐದಕ್ಕೆ ಅದೇ ಆರ್‌ಜೆಯ ದನಿ. ಈಗಷ್ಟೇ ಲಿಂಕ್ ಮಾತಾಡಿದವರೇ ಸೀರೆ ಅಂಗಡಿ, ಪಿಯು ಕಾಲೇಜು, ಬೋರ್‌ವೆಲ್ ಮೂರನ್ನೂ ಹೊಗಳಿದರೆ ಯಾವುದೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಊರಿನ ಹವ್ಯಾಸಿ ನಾಟಕ ತಂಡದವರು, ಮೇಷ್ಟ್ರುಗಳು, ಹರಿಕಥೆ ಮಾಡುವವರು ಇಂಥ ಎಂಟು ಹತ್ತು ದನಿಗಳ ಪಟ್ಟಿ ಮಾಡಿಕೊಳ್ಳಿ, ಸ್ಪಾಟಿಗೆ ಇಷ್ಟು ಎಂದು ದುಡ್ಡು ಕೊಡಿ. ಶಿವಮೊಗ್ಗದವರಿಗೆ ಹೆಗ್ಗೋಡಿನ ನೀನಾಸಂ, ಚಿತ್ರದುರ್ಗದವರಿಗೆ ಸಾಣೇಹಳ್ಳಿಯ ಶಿವಸಂಚಾರ ಇವೆ. ಅಲ್ಲಿ ಕಲಿತು ಬಂದವರು ಜಿಲ್ಲೆಯಲ್ಲೆಲ್ಲ ಇದ್ದಾರೆ. ಊರಿನ ಮಾತಿನ ಧಾಟಿಯೂ ಅವರಿಂದಲೇ ಬರುತ್ತದೆ. ದಾವಣಗೆರೆಯ ಬೆಣ್ಣೆದೋಸೆ ಹೋಟೆಲಿಗೆ ಬೆಂಗಳೂರು ಸ್ಟುಡಿಯೊದ ಕನ್ನಡ ಹಾಕಿದರೆ ಅದು ಬೇರೆ ಊರಿನ ಹೋಟೆಲಾಗಿಬಿಡುತ್ತದೆ.

20 ಸೆಕೆಂಡಿನ ಸ್ಪಾಟಿಗೆ ಕನ್ನಡದಲ್ಲಿ 40 ಪದಕ್ಕಿಂತ ಹೆಚ್ಚು ಬರೆಯಬೇಡಿ. ನಮ್ಮ ಪದಗಳು ಪ್ರತ್ಯಯ ಸೇರಿ ಉದ್ದವಾಗಿರುತ್ತವೆ, ಅದಕ್ಕಿಂತ ಹೆಚ್ಚಾದರೆ ಓದುವವರು ಉಸಿರು ಕಟ್ಟಿ ಓಡುತ್ತಾರೆ. ಅಂಗಡಿಯವರು ಹತ್ತು ಅಂಕಿಯ ಮೊಬೈಲ್ ನಂಬರ್ ಹೇಳಲೇಬೇಕೆಂದು ಹಟ ಹಿಡಿಯುತ್ತಾರೆ. ಅದಕ್ಕೇ ಐದಾರು ಸೆಕೆಂಡ್ ಹೋಗುತ್ತದೆ, ಹೊಲಿಗೆ ಯಂತ್ರದ ಮುಂದೆ ಕೂತವರು ಬರೆದುಕೊಳ್ಳುವುದೂ ಇಲ್ಲ. ‘ಹಳೇ ಬಸ್‌ಸ್ಟ್ಯಾಂಡ್ ಎದುರು, ಬ್ಯಾಂಕ್ ಪಕ್ಕ’ ಅಂದರೆ ಎರಡೇ ಸೆಕೆಂಡ್, ಊರಿನವರಿಗೆ ಅಷ್ಟೇ ಬೇಕು. ಮತ್ತೊಂದು ವಿಷಯ, ದಿನಕ್ಕೆ 12 ಸಲ ಓಡುವ ಸ್ಪಾಟಿಗೆ ಕನಿಷ್ಠ ಮೂರು ಬೇರೆ ಬೇರೆ ರೂಪ ಮಾಡಿ. ದಿನವಿಡೀ ಕೇಳುವವರು ಅದೇ ಮಾತನ್ನು 12 ಸಲ ಕೇಳಿದರೆ ಅಂಗಡಿಯ ಮೇಲೇ ಬೇಸರ ಬರುತ್ತದೆ.

ರೇಡಿಯೊ ಕೇಳುಗರ ಅಳತೆ ಮಾಡುವ ರ್‍ಯಾಮ್ ನಡೆದದ್ದು ದೆಹಲಿ, ಮುಂಬೈ, ಕೋಲ್ಕತ್ತ, ಬೆಂಗಳೂರಿನಲ್ಲಿ ಮಾತ್ರ. ಸಣ್ಣ ಊರಿನ ಅಂಗಡಿಯವರಿಗೆ ತೋರಿಸಲು ಅಂಥ ಅಂಕಿ ಇಲ್ಲ, ನೀವೇ ಸಾಬೀತು ಮಾಡಬೇಕು. ಸುಲಭದ ದಾರಿ: ಬೆಳಗಿನ ಸ್ಪಾಟಿನಲ್ಲಿ ‘ಮಲ್ಲಿಗೆ ಅಂತ ಹೇಳಿ, ನೂರು ರೂಪಾಯಿ ರಿಯಾಯಿತಿ’, ಸಂಜೆಯದರಲ್ಲಿ ‘ಸಂಪಿಗೆ ಅಂತ ಹೇಳಿ’. ಗಲ್ಲಾದಲ್ಲಿ ಒಂದು ಪುಸ್ತಕ ಇಟ್ಟು ಎರಡರ ಎದುರೂ ಗೆರೆ ಹಾಕಿಸಿ. ಹದಿನೈದು ದಿನಕ್ಕೆ ಯಾವ ಹೊತ್ತು ಕೆಲಸ ಮಾಡುತ್ತಿದೆ ಎಂದು ಇಬ್ಬರಿಗೂ ಗೊತ್ತಾಗುತ್ತದೆ.

ಸ್ವಂತ ಸುದ್ದಿ ಓದುವಂತಿಲ್ಲ. ಆಕಾಶವಾಣಿಯ ವಾರ್ತೆಯನ್ನು ಬದಲಿಸದೆ ಹಾಗೇ ಹಾಕಬಹುದು. ಆದರೆ ಟ್ರಾಫಿಕ್, ಹವಾಮಾನ, ಪರೀಕ್ಷೆ, ಫಲಿತಾಂಶ, ಪ್ರವೇಶ, ಉದ್ಯೋಗ ಮಾಹಿತಿ, ಕರೆಂಟ್ ಮತ್ತು ನೀರಿನ ಪ್ರಕಟಣೆ, ಪ್ರಕೃತಿ ವಿಕೋಪ, ಆರೋಗ್ಯ ಎಚ್ಚರಿಕೆ ಇವು ಸುದ್ದಿಯ ಲೆಕ್ಕಕ್ಕೆ ಬರುವುದಿಲ್ಲ. ಸಣ್ಣ ಊರಿಗೆ ಇಷ್ಟೇ ಬೇಕಾದಷ್ಟಾಯಿತು. ‘ವಿನೋಬನಗರ ಫೀಡರ್, ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಕರೆಂಟ್ ಇರುವುದಿಲ್ಲ’ ಎಂಬ ಒಂದು ಸಾಲಿಗಾಗಿಯೇ ಜನ ರೇಡಿಯೊ ಹಾಕುತ್ತಾರೆ. ಕರೆಂಟ್ ಇಲ್ಲ ಎಂದು ಹೇಳಿ, ಯಾರ ತಪ್ಪು ಎಂಬ ಚರ್ಚೆಗೆ ಇಳಿಯಬೇಡಿ. ಪ್ರಸಾರವಾದ ಎಲ್ಲದರ ರೆಕಾರ್ಡಿಂಗನ್ನು ಮೂರು ತಿಂಗಳು ಇಡಬೇಕು. ಆ ಹಾರ್ಡ್‌ಡಿಸ್ಕ್ ತುಂಬಿ, ರೆಕಾರ್ಡ್ ಮಾಡುವ ಲಾಗರ್ ನಿಂತದ್ದು ದೂರು ಬಂದ ದಿನವೇ ಗೊತ್ತಾಗುವುದು ಮಾಮೂಲು, ವಾರಕ್ಕೊಮ್ಮೆ ತೆರೆದು ನೋಡಿ.

ಇನ್ನು ಟವರ್. ಒಂದರಿಂದ ಮೂರು ಲಕ್ಷ ಜನಸಂಖ್ಯೆಯ ಊರು ಡಿ ವರ್ಗ, ಅಲ್ಲಿ ಇಆರ್‌ಪಿ (ಆಂಟೆನಾದ ಗಳಿಕೆಯೂ ಸೇರಿ ಹೊರಡುವ ಪವರ್) 1ರಿಂದ 3 ಕಿಲೋವ್ಯಾಟ್. ಮೂರರಿಂದ ಹತ್ತು ಲಕ್ಷದ್ದು ಸಿ ವರ್ಗ, 3ರಿಂದ 10 ಕಿಲೋವ್ಯಾಟ್. ಒಂದು ಕಿಲೋವ್ಯಾಟಿನ ಟ್ರಾನ್ಸ್‌ಮಿಟರಿಗೆ ನಾಲ್ಕು ಬೇ (ಒಂದರ ಮೇಲೊಂದು ನಾಲ್ಕು ಘಟಕ) ಇರುವ ಆಂಟೆನಾ ಹಾಕಿದರೆ ಗಳಿಕೆ ಸುಮಾರು ಎರಡು ಪಟ್ಟು. ಕೇಬಲ್ಲಿನ ನಷ್ಟ, ಹಲವು ಸ್ಟೇಷನ್‌ಗಳನ್ನು ಒಂದೇ ಆಂಟೆನಾಕ್ಕೆ ಸೇರಿಸುವ ಕಂಬೈನರಿನ ನಷ್ಟ ಕಳೆದು 1.6ರಿಂದ 1.8 ಕಿಲೋವ್ಯಾಟ್ ಉಳಿಯುತ್ತದೆ. 40 ಮೀಟರ್ ಎತ್ತರದ ಆಂಟೆನಾದಿಂದ ಸಮತಟ್ಟು ನೆಲದಲ್ಲಿ ನೇರ ದೃಷ್ಟಿ ಹೋಗುವುದು 30 ಕಿಲೋಮೀಟರ್ ಆಸುಪಾಸು. ದಾವಣಗೆರೆ, ರಾಯಚೂರಿಗೆ ಈ ಲೆಕ್ಕ ಒಪ್ಪುತ್ತದೆ. ಮಲೆನಾಡಿನಲ್ಲಿ ಒಂದು ಗುಡ್ಡ ಅಡ್ಡ ಬಂದರೆ ಎಂಟು ಕಿಲೋಮೀಟರಿನಲ್ಲೇ ಸಿಗ್ನಲ್ ಹೋಗುತ್ತದೆ, ಎಷ್ಟು ಪವರ್ ಏರಿಸಿದರೂ ಅದು ಪೂರ್ತಿ ಸರಿಹೋಗದು.

ಹೆಚ್ಚು ಕಾಡುವುದು ಟ್ರಾನ್ಸ್‌ಮಿಟರಿನಿಂದ ಆಂಟೆನಾಕ್ಕೆ ಹೋಗುವ ಫೀಡರ್ ಕೇಬಲ್ಲಿಗೆ ಇಳಿಯುವ ನೀರು. ಲಕ್ಷಣ ಸ್ಪಷ್ಟವಾಗಿದೆ: ಮಳೆ ಬಂದ ಬೆಳಿಗ್ಗೆ ರಿಫ್ಲೆಕ್ಟೆಡ್ ಪವರ್, ಅಂದರೆ ಆಂಟೆನಾಕ್ಕೆ ಹೋಗದೆ ಹಿಂದಿರುಗುವ ಪವರ್, ಏರುತ್ತದೆ, ಮಧ್ಯಾಹ್ನ ಬಿಸಿಲಿಗೆ ಇಳಿಯುತ್ತದೆ. 1,000 ವ್ಯಾಟ್ ಹೋಗುವಾಗ 2ರಿಂದ 8 ವ್ಯಾಟ್ ಹಿಂದೆ ಬಂದರೆ ಚಿಂತೆಯಿಲ್ಲ, ಕೇಬಲ್ ಮತ್ತು ಆಂಟೆನಾ ಹೊಂದಾಣಿಕೆಯ ಅಳತೆಯಾದ ವಿಎಸ್‌ಡಬ್ಲ್ಯುಆರ್ 1.1ರಿಂದ 1.2. 40 ವ್ಯಾಟ್ ಆದರೆ 1.5 ಮುಟ್ಟಿತು ಎಂದರ್ಥ, ಯಂತ್ರ ತನ್ನನ್ನು ಉಳಿಸಿಕೊಳ್ಳಲು ಪವರ್ ಇಳಿಸತೊಡಗುತ್ತದೆ. ದಿನಾ ಎರಡು ಹೊತ್ತು ಈ ಅಂಕಿ ಬರೆದಿಡಿ. ಕನೆಕ್ಟರಿಗೆ ಮೊದಲು ತಾನೇ ಅಂಟಿಕೊಳ್ಳುವ ರಬ್ಬರ್ ಟೇಪ್, ಅದರ ಮೇಲೆ ಪಿವಿಸಿ ಟೇಪ್. ಸುತ್ತುವುದು ಕೆಳಗಿನಿಂದ ಮೇಲಕ್ಕೆ. ಆಗ ಪ್ರತಿ ಮೇಲಿನ ಸುತ್ತು ಕೆಳಗಿನದರ ಅಂಚನ್ನು ಮುಚ್ಚುತ್ತದೆ, ನೀರು ಜಾರಿಹೋಗುತ್ತದೆ. ಮೇಲಿನಿಂದ ಕೆಳಕ್ಕೆ ಸುತ್ತಿದರೆ ಪ್ರತಿ ಅಂಚೂ ನೀರಿಗೆ ಬಾಯಿ ತೆರೆದುಕೊಂಡಿರುತ್ತದೆ. ಕೇಬಲ್ ಕೋಣೆಯೊಳಗೆ ಬರುವ ಮುನ್ನ ಕೆಳಕ್ಕೆ ಒಂದು ಬಾಗು ಕೊಡಿ, ಹನಿ ಅಲ್ಲೇ ಬೀಳಲಿ.

ಊರಿಗೊಂದು ಶತ್ರು ಇರುತ್ತದೆ. ಅಕ್ಕಿ ಗಿರಣಿಯ ಊರಿನಲ್ಲಿ ಹೊಟ್ಟಿನ ಧೂಳು ಫಿಲ್ಟರ್ ಮುಚ್ಚುತ್ತದೆ, ಹದಿನೈದು ದಿನಕ್ಕೊಮ್ಮೆ ತೊಳೆಯಬೇಕು. ಬಳ್ಳಾರಿ ಕಡೆಯ ಅದಿರಿನ ಧೂಳು ಬೋರ್ಡಿನ ಮೇಲೆ ಕೂತರೆ ವಿದ್ಯುತ್ ಹರಿಯಲು ದಾರಿ ಮಾಡಿಕೊಡುತ್ತದೆ. ಉಡುಪಿಯಲ್ಲಿ ಉಪ್ಪುಗಾಳಿ ಕನೆಕ್ಟರ್ ತಿನ್ನುತ್ತದೆ. ಎಲ್ಲ ಕಡೆಯೂ ಇರುವುದು ಕರೆಂಟಿನ ಏರಿಳಿತ: ಸರ್ವೊ ಸ್ಟೆಬಿಲೈಸರ್, ಅರ್ಧ ಗಂಟೆ ತಡೆಯುವ ಯುಪಿಎಸ್, ತಾನೇ ಶುರುವಾಗುವ ಜನರೇಟರ್ ಮೂರೂ ಬೇಕು. ಜನರೇಟರ್ ಕೈಕೊಡುವುದು ಎಂಜಿನ್ ಕೆಟ್ಟು ಅಲ್ಲ, ಸ್ಟಾರ್ಟರ್ ಬ್ಯಾಟರಿ ಸತ್ತು. ವಾರಕ್ಕೊಮ್ಮೆ ಮೇನ್ ಸ್ವಿಚ್ ಇಳಿಸಿ ನಿಜವಾದ ಲೋಡಿನ ಮೇಲೇ ಓಡಿಸಿ ನೋಡಿ.

ಸ್ಟುಡಿಯೊದಿಂದ ಟವರಿಗೆ ಬರುವ ಲಿಂಕ್ ಕಡಿದರೆ ಟವರ್ ಕೋಣೆಯಲ್ಲೇ ಇರುವ ಪ್ಲೇಯರ್ ಹಾಡತೊಡಗಬೇಕು. ಮೌನ ಪತ್ತೆ ಮಾಡುವ ಸಾಧನವನ್ನು 20 ಸೆಕೆಂಡಿಗೆ ಇಡಿ. ಹತ್ತಕ್ಕೆ ಇಟ್ಟರೆ ಭಾವಗೀತೆಯ ಮೆಲ್ಲನೆಯ ಆಲಾಪವನ್ನೂ ಮೌನ ಎಂದುಕೊಂಡು ಹಾಡನ್ನೇ ಬದಲಿಸುತ್ತದೆ. ಆ ಪ್ಲೇಯರಿನಲ್ಲಿ ಹಾಡು ಮತ್ತು ಸ್ಟೇಷನ್ ಹೆಸರು ಮಾತ್ರ ಇರಲಿ. ಹೋದ ದೀಪಾವಳಿಯ ಆಫರ್ ಯುಗಾದಿಗೆ ಪ್ರಸಾರವಾಗುವುದು ಈ ಪ್ಲೇಯರಿನಿಂದಲೇ.

ದುಡ್ಡಿನ ಲೆಕ್ಕ ಹೀಗೆ ಮಾಡಿ ನೋಡಿ. ಗಂಟೆಗೆ 10 ನಿಮಿಷ ಅಂದರೆ ಹತ್ತು ಸೆಕೆಂಡಿನ 60 ಯೂನಿಟ್, 16 ಗಂಟೆಗೆ 960. ಉದಾಹರಣೆಗೆ ಶೇ 40 ಮಾರಾಟವಾಗಿ, ಯೂನಿಟ್ಟಿಗೆ ಸರಾಸರಿ 60 ರೂಪಾಯಿ ಸಿಕ್ಕಿತೆನ್ನಿ. ದಿನಕ್ಕೆ 23,040, ತಿಂಗಳಿಗೆ 6,91,200. ಇದರಲ್ಲಿ ಶೇ 4 ಪರವಾನಗಿ ಶುಲ್ಕ 27,648, ಆಮೇಲೆ ರಾಯಧನ, ಟವರ್ ಬಾಡಿಗೆ, ಸಂಬಳ, ಕರೆಂಟ್. ಟ್ರಾನ್ಸ್‌ಮಿಟರ್, ಎಸಿ, ಸ್ಟುಡಿಯೊ ಸೇರಿ 4 ಕಿಲೋವ್ಯಾಟ್ ಎಳೆದರೂ ತಿಂಗಳಿಗೆ 2,880 ಯೂನಿಟ್ ಕರೆಂಟ್. ಸರ್ಕಾರಿ ಜಾಹೀರಾತಿನ ಮೂಲ ದರ 2023ರಲ್ಲಿ ಹತ್ತು ಸೆಕೆಂಡಿಗೆ 52ರಿಂದ 74 ರೂಪಾಯಿಗೆ ಏರಿತು, ಸ್ಥಳೀಯ ದರ ನಿಗದಿ ಮಾಡುವಾಗ ಅದನ್ನು ಪಕ್ಕದಲ್ಲಿಟ್ಟುಕೊಳ್ಳಬಹುದು.

ವಸೂಲಿ ಬೇರೆಯದೇ ಕೆಲಸ. ಏಜೆನ್ಸಿ ಮೂಲಕ ಬಂದದ್ದು ಶೇ 15 ಕಮಿಷನ್ ಕಳೆದು ಎರಡು ಮೂರು ತಿಂಗಳಿಗೆ ಬರುತ್ತದೆ, ಆದರೆ ಬರುತ್ತದೆ. ಊರಿನ ಅಂಗಡಿಯವರು ಹಬ್ಬ ಮುಗಿಯಲಿ ಅನ್ನುತ್ತಾರೆ. ಜಿಎಸ್‌ಟಿ ಮಾತ್ರ ಬಿಲ್ ಮಾಡಿದ ತಿಂಗಳ ಲೆಕ್ಕದಲ್ಲೇ ನೀವು ಕಟ್ಟಬೇಕು, ದುಡ್ಡು ಬಂದಿರಲಿ ಬಿಡಲಿ. ಆದ್ದರಿಂದ ಹೊಸಬರಿಂದ ಪೂರ್ತಿ ಮುಂಗಡ, ಹಳಬರಿಂದ ಅರ್ಧ. ಆಷಾಢದಲ್ಲಿ ಮದುವೆಯಿಲ್ಲ, ಬಟ್ಟೆಯಂಗಡಿಯವರ ರಿಯಾಯಿತಿ ಮಾರಾಟ ಬಿಟ್ಟರೆ ಬ್ರೇಕುಗಳು ಖಾಲಿ ಹೊಡೆಯುತ್ತವೆ. ಆ ತಿಂಗಳ ಸಂಬಳ ಮೇ–ಜೂನಿನ ಕಾಲೇಜು ಪ್ರವೇಶದ ಜಾಹೀರಾತಿನಿಂದಲೇ ತೆಗೆದಿಟ್ಟಿರಬೇಕು. ಕಾಲೇಜುಗಳ ಜೊತೆ ಒಪ್ಪಂದದ ಮಾತು ಶುರುವಾಗಬೇಕಾದದ್ದು ಮಾರ್ಚ್‌ನಲ್ಲಿ, ಪರೀಕ್ಷೆ ನಡೆಯುತ್ತಿರುವಾಗಲೇ. ಫಲಿತಾಂಶ ಬಂದ ಮೇಲೆ ಹೋದರೆ ಅವರ ಬಜೆಟ್ ಫ್ಲೆಕ್ಸಿಗೆ, ಪತ್ರಿಕೆಗೆ ಹೋಗಿ ಮುಗಿದಿರುತ್ತದೆ.